ರಾಡಿಯ ಇಳಿಜಾರಿಗೆ ಎಂಥ ಟೈರು?

ಮಿರಗದ ಮಳೆ ಬಿದ್ದು ಎರಡು ದಿನವಾಗಿತ್ತು. ಮೊದಲ ತಾಸು ಮುಗಿಯುತ್ತ ಬಂದಾಗ ಎಂಟನೆಯ ತರಗತಿಯ ಹುಡುಗನೊಬ್ಬ ಬಾಗಿಲಲ್ಲಿ ಬಂದು ನಿಂತ. ಅಂಗಿಯ ಎಡಭಾಗ ಪೂರಾ ರಾಡಿ, ಮೊಣಕೈ ಕೆತ್ತಿಹೋಗಿತ್ತು.

“ಯಾಕೋ ತಡ?”

“ಇಳಕಲದಾಗ ಸೈಕಲ್ ಜಾರಿ ಬಿದ್ನ್ರೀ ಸರ್.”

ಮಧ್ಯಾಹ್ನದ ಬಿಡುವಿನಲ್ಲಿ ಅವನ ಸೈಕಲ್ ನೋಡಿದೆ. ಹಿಂದಿನ ಗಾಲಿಗೆ ಹೊಚ್ಚ ಹೊಸ ಟೈರು. ಮುಂದಿನದು ಅಂಗೈಯಷ್ಟು ನುಣುಪು. ಹೀಗೇಕೆ ಎಂದು ಕೇಳಿದೆ. “ಹಿಂದಿಂದು ಲಗೂನ ಸವಿತೈತ್ರೀ. ಅದಕ್ಕ ನಮ್ಮಪ್ಪ ಹೊಸಾದು ಹಿಂದ ಹಾಕ್ಸ್ಯಾನ್ರೀ. ಹಳೇದು ಮುಂದ ನಡೀತೈತಿ ಅಂದ್ರು.”

ಆ ತಂದೆಯನ್ನು ನಾನು ತಪ್ಪೆಂದು ಹೇಳಲಾರೆ. ನನ್ನ ಮಗ ಶಾಲೆಗೆ ಹೋಗುವಾಗ ನಾನೂ ಅದನ್ನೇ ಮಾಡಿದ್ದೆ. ದಿನವೂ ಹಲಗೆಯ ಮೇಲೆ ಘರ್ಷಣೆಯ ಪಾಠ ಬರೆಯುವ ನಾನು, ಮನೆಯಲ್ಲಿ ಒಂದು ಟೈರಿನ ದುಡ್ಡು ಉಳಿಸಲು ಬೋಳು ಟೈರನ್ನು ಮುಂದಿನ ಗಾಲಿಗೆ ಹಾಕಿಸಿದೆ. ಒಂದು ಸಂಜೆ ಹೊಲದ ದಾರಿಯ ಇಳಿಜಾರಿನಲ್ಲಿ ಅವನು ಬಿದ್ದ. ಕೊರಳ ಬುಡದ ಎಲುಬು ಮುರಿಯಿತು. ಕೈಯನ್ನು ಜೋಳಿಗೆಯಂತೆ ಕಟ್ಟಿಕೊಂಡು ಆರು ವಾರ ಕೂತ. ಉಳಿಸಿದ ದುಡ್ಡಿನ ಲೆಕ್ಕವನ್ನು ನನ್ನ ಮನೆಯವರು ಈಗಲೂ ಆಗಾಗ ಕೇಳುತ್ತಾರೆ!

ಈ ವಾರ ಟೈರಿನ ವಿಷಯ ಎತ್ತಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಹುಡುಗರು ಮನೆಯಲ್ಲಿ ದಪ್ಪ ಟೈರಿನ ಗೇರ್ ಸೈಕಲ್‌ಗೆ ಹಟ ಹಿಡಿದಿದ್ದಾರೆ. “ದಪ್ಪ ಟೈರ್ ಇದ್ರ ರಾಡ್ಯಾಗ ಜಾರಂಗಿಲ್ಲಂತ, ಖರೇನ್ರೀ ಸರ್?” ಎಂದು ತರಗತಿಯಲ್ಲಿಯೂ ಕೇಳುತ್ತಾರೆ. ಪಾಲಕರು ದಾರಿಯಲ್ಲಿ ನಿಲ್ಲಿಸಿ ಇದನ್ನೇ ವಿಚಾರಿಸುತ್ತಾರೆ. ಖರೆ ಅರ್ಧ ಮಾತ್ರ. ಉಳಿದರ್ಧ ನಿಮ್ಮ ದಾರಿಯ ಮಣ್ಣು ಯಾವುದು ಎಂಬುದರ ಮೇಲೆ ನಿಂತಿದೆ.

ದಪ್ಪ ಟೈರು ಎಲ್ಲಿಂದ ಬಂತು ನೋಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಗುಡ್ಡಗಾಡು ಪ್ರದೇಶವಿದೆ. 1970ರ ದಶಕದಲ್ಲಿ ಅಲ್ಲಿನ ಕೆಲವು ತರುಣರು ಗುಜರಿಯಲ್ಲಿ ಬಿದ್ದಿದ್ದ ಹಳೆಯ ಭಾರವಾದ ಸೈಕಲ್‌ಗಳನ್ನು ಹುಡುಕಿ ತಂದು ಗುಡ್ಡದ ಮೇಲಿಂದ ಇಳಿಸತೊಡಗಿದರು. ಶ್ವಿನ್ ಎಂಬ ಕಂಪನಿ 1933ರಲ್ಲಿ ಹೊರತಂದ ಬಲೂನ್ ಟೈರು ಆ ಸೈಕಲ್‌ಗಳಲ್ಲಿತ್ತು. 26 ಇಂಚಿನ ಗಾಲಿ, ಎರಡು ಇಂಚಿಗೂ ಮಿಕ್ಕಿದ ದಪ್ಪ. 1976ರ ಅಕ್ಟೋಬರ್ 21ರಂದು ಅವರು ಮೊದಲ ಪಂದ್ಯ ಕಟ್ಟಿದರು. ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ ಸುಮಾರು 400 ಮೀಟರ್ ಇಳಿತ. ಅವರ ಸೈಕಲ್‌ಗಳ ಬ್ರೇಕು ಹಿಂದಿನ ಗಾಲಿಯ ಗುಂಭದೊಳಗಿರುತ್ತಿತ್ತು. ಒಂದು ಸಲ ಇಳಿಯುವಷ್ಟರಲ್ಲಿ ಅದು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ‘ಮತ್ತೆ ತುಂಬು’ ಎಂಬರ್ಥದಲ್ಲಿ ಆ ದಾರಿಗೇ ‘ರೀಪ್ಯಾಕ್’ ಎಂಬ ಹೆಸರು ಬಿತ್ತು. ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಇವರೆಲ್ಲ ಆ ಗುಂಪಿನವರು. ಮೌಂಟನ್ ಬೈಕ್ ಹುಟ್ಟಿದ್ದು ಹೀಗೆ. 1990ರಲ್ಲಿ ಅಮೆರಿಕದ ಡ್ಯುರಾಂಗೊದಲ್ಲಿ ಇದರ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸನ್ನೂ ಸೇರಿತು.

ಆದರೆ ಒಂದು ಮಾತು ಮರೆಯಬೇಡಿ. ಆ ಗುಡ್ಡದ ದಾರಿ ಬೇಸಿಗೆಯುದ್ದಕ್ಕೂ ಒಣಗಿದ ಧೂಳು ಮತ್ತು ಕಲ್ಲಿನದು. ಅಲ್ಲಿ ದಪ್ಪ ಟೈರು ಕಲ್ಲಿನ ಪೆಟ್ಟನ್ನು ನುಂಗುತ್ತದೆ, ಸಡಿಲು ಮಣ್ಣಿನ ಮೇಲೆ ತೇಲುತ್ತದೆ. ಅಥಣಿಯ ಎರೆ ಹೊಲದ ದಾರಿಗೆ ಅದು ಹುಟ್ಟಿದ್ದಲ್ಲ.

ಈಗ ನಮ್ಮ ಮಣ್ಣಿಗೆ ಬರೋಣ. ಅಥಣಿ, ಕಾಗವಾಡ, ರಾಯಬಾಗ ಕಡೆ, ಅದರಲ್ಲೂ ಕೃಷ್ಣೆಯ ದಂಡೆಗುಂಟ, ಕಪ್ಪು ಎರೆ ಭೂಮಿ. ಚಿಕ್ಕೋಡಿಯ ಸುತ್ತಲಿನ ಗುಡ್ಡಗಳಲ್ಲಿ, ನಿಪ್ಪಾಣಿಯಿಂದ ತವನಿಧಿ ಘಾಟಿನ ಆಸುಪಾಸಿನಲ್ಲಿ, ಗರಸು ಮತ್ತು ಕಲ್ಲು ಹೆಚ್ಚು. ಎರಡೂ ಕಡೆ ಮಳೆ ಬಿದ್ದರೆ ರಾಡಿಯೇ. ಆದರೆ ಎರಡು ರಾಡಿಗಳೂ ಒಂದೇ ಅಲ್ಲ.

ಎರೆ ಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಜಾತಿಯ ಜೇಡಿ ಖನಿಜವಿರುತ್ತದೆ. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಪದರು ಪದರಾಗಿವೆ. ಪದರುಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿನೊಳಗೆ ಕೈ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವೀಡನ್ನಿನ ಆಲ್ಬರ್ಟ್ ಅಟರ್‌ಬರ್ಗ್ ಎಂಬ ವಿಜ್ಞಾನಿ 1911ರಲ್ಲಿ ಒಂದು ಸಂಗತಿಯನ್ನು ಕ್ರಮವಾಗಿ ಅಳೆದು ತೋರಿಸಿದ. ಜೇಡಿ ಮಣ್ಣಿಗೆ ನೀರು ಹಾಕುತ್ತ ಹೋದರೆ ಅದು ಮೊದಲು ಗಟ್ಟಿ, ಆಮೇಲೆ ಕಣಕದಂತೆ ಮೆತ್ತಗೆ, ಕೊನೆಗೆ ಅಂಬಲಿಯಂತೆ ತೆಳ್ಳಗೆ ಆಗುತ್ತದೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಲು ನೀರಿನ ಪ್ರಮಾಣದ ಒಂದು ಗಡಿ ಇದೆ. ಈ ನಡುವಿನ ಕಣಕದ ಸ್ಥಿತಿಯೇ ಸೈಕಲ್ಲಿಗೆ ಗಂಡಾಂತರ. ಧೋ ಎಂದು ಸುರಿದ ಮಳೆಗಿಂತ ಜಿನುಗು ಮಳೆ ನಿಂತು ಒಂದೆರಡು ತಾಸಾದ ಮೇಲೆ ಎರೆ ದಾರಿ ಹೆಚ್ಚು ಅಂಟುತ್ತದೆ. ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಹತ್ತುವುದೂ ಆಗಲೇ. ನಮ್ಮ ರೈತರಿಗೆ ಅಟರ್‌ಬರ್ಗ್ ಗೊತ್ತಿಲ್ಲ, ಆದರೆ ಯಾವ ಹೊತ್ತಿಗೆ ಹೊಲಕ್ಕೆ ಕಾಲಿಡಬಾರದು ಎಂಬುದು ಚೆನ್ನಾಗಿ ಗೊತ್ತು.

ಗರಸಿನ ಇಳಿಜಾರಿನ ಕತೆ ಬೇರೆ. ಅಲ್ಲಿ ಮೇಲೆ ಒಂದೆರಡು ಬೆರಳಷ್ಟು ನುಣ್ಣನೆಯ ಕೆಸರು, ಕೆಳಗೆ ಗಟ್ಟಿ ನೆಲ. ಟೈರಿನ ಹಲ್ಲು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಮುಟ್ಟಿದರೆ ಸೈಕಲ್ ನಿಲ್ಲುತ್ತದೆ. ಮುಟ್ಟದಿದ್ದರೆ ಬೆಣ್ಣೆಯ ಮೇಲೆ ನಡೆದಂತೆ.

ಶಾಲೆಯ ಪುಸ್ತಕದಲ್ಲಿ ಘರ್ಷಣೆಯ ನಿಯಮ ಓದಿದ್ದೀರಿ. ಫ್ರಾನ್ಸಿನ ಅಮೊಂಟನ್ಸ್ 1699ರಲ್ಲಿ ಹೇಳಿದ್ದು: ಘರ್ಷಣೆ ಒತ್ತುವ ಭಾರಕ್ಕೆ ತಕ್ಕಷ್ಟು, ತಾಗುವ ಜಾಗದ ವಿಸ್ತಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಾದರೆ ಟೈರು ಅಗಲವಿದ್ದರೇನು, ಕಿರಿದಾದರೇನು ಎಂದು ಜಾಣ ಹುಡುಗನೊಬ್ಬ ಕೇಳಿಯೇ ಕೇಳುತ್ತಾನೆ. ಕೇಳಬೇಕು ಕೂಡ. ಅಮೊಂಟನ್ಸನ ನಿಯಮ ಕಟ್ಟಿಗೆ, ಕಬ್ಬಿಣಗಳಂಥ ಗಟ್ಟಿ ಪದಾರ್ಥಗಳಿಗೆ ಹೊಂದುತ್ತದೆ. ರಬ್ಬರು ಮೆತ್ತಗಿರುವುದರಿಂದ ನೆಲದ ತಗ್ಗುದಿನ್ನೆಗಳೊಳಗೆ ಇಳಿದು ಕೂರುತ್ತದೆ, ನಿಯಮವನ್ನು ಪೂರ್ತಿ ಪಾಲಿಸುವುದಿಲ್ಲ. ಇನ್ನು ರಾಡಿಯಲ್ಲಂತೂ ನಿಜವಾದ ಕೆಲಸ ಮಾಡುವುದು ಘರ್ಷಣೆಯೇ ಅಲ್ಲ. ಟೈರಿನ ಹಲ್ಲು ಮಣ್ಣಿನೊಳಗೆ ಇಳಿದು ನಿಂತಾಗ, ಅದು ಜಾರಬೇಕಾದರೆ ತನ್ನ ಎದುರಿನ ಮಣ್ಣಿನ ಹೆಂಟೆಯನ್ನು ಕತ್ತರಿಸಿ ಸರಿಸಬೇಕು. ಕತ್ತರಿಸಲು ಮಣ್ಣು ಒಡ್ಡುವ ಪ್ರತಿರೋಧವೇ ನಮ್ಮ ಹಿಡಿತ. ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಅಷ್ಟೆತ್ತರದ ಹಲ್ಲುಗಳಿರುವುದು ಇದಕ್ಕೇ. ಆ ಹಲ್ಲುಗಳ ನಡುವಿನ ಜಾಗವನ್ನೂ ಒಮ್ಮೆ ನೋಡಿ, ಹಲ್ಲಿಗಿಂತ ಬಯಲೇ ಹೆಚ್ಚು.

ರಾಡಿಯ ಟೈರಿನಲ್ಲಿ ಹಲ್ಲಿನಷ್ಟೇ ಆ ಬಯಲೂ ಮುಖ್ಯ. ಗಾಲಿ ತಿರುಗಿ ಮೇಲೆ ಬರುವಾಗ ಹಲ್ಲುಗಳ ನಡುವೆ ಸಿಕ್ಕ ಮಣ್ಣು ಸಿಡಿದು ಹೋಗಬೇಕು. ಆಗ ಮಾತ್ರ ಹಲ್ಲು ಮುಂದಿನ ಸುತ್ತಿನಲ್ಲಿ ಮತ್ತೆ ಕಚ್ಚಲು ಸಿದ್ಧ. ಹಲ್ಲುಗಳು ಒತ್ತೊತ್ತಾಗಿದ್ದರೆ ಮಣ್ಣು ಅಲ್ಲೇ ಗಚ್ಚಿನಂತೆ ತುಂಬಿಕೊಂಡು, ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಹೊಸ ಟೈರೂ ಬೋಳು ಟೈರಾಗುತ್ತದೆ. ಅಂಗಡಿಯಲ್ಲಿ ನೋಡಲು ಚೆಂದ ಕಾಣುವ ಒತ್ತು ಹಲ್ಲಿನ ಟೈರುಗಳು ಹೆಚ್ಚಾಗಿ ಹೀಗೇ ಕೈಕೊಡುತ್ತವೆ. ನನ್ನ ಅಳತೆ ಸರಳ: ನಡುಭಾಗದ ಎರಡು ಹಲ್ಲುಗಳ ನಡುವೆ ನಿಮ್ಮ ಕಿರುಬೆರಳ ತುದಿ ಸಲೀಸಾಗಿ ಕೂರಬೇಕು. ಹಲ್ಲಿನ ಎತ್ತರ ಐದಾರು ಮಿಲಿಮೀಟರಾದರೂ ಇರಬೇಕು.

ದಪ್ಪದ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಆಳವಾದ ಎರೆ ರಾಡಿಯಲ್ಲಿ ಅತಿ ದಪ್ಪ ಟೈರಿಗಿಂತ ತುಸು ಕಿರಿದಾದ, ಎತ್ತರ ಹಲ್ಲಿನ ಟೈರೇ ಮೇಲು. ಮಳೆ ಹೆಚ್ಚಿರುವ ನಾಡುಗಳಲ್ಲಿ ಗುಡ್ಡ ಇಳಿಯುವ ಸ್ಪರ್ಧಾಳುಗಳೂ ಕೆಸರಿನ ದಿನ ಇಂಥದನ್ನೇ ಹಾಕುತ್ತಾರೆ. ಕಿರಿದಾದದ್ದು ಕೆಸರನ್ನು ಸೀಳಿ ಕೆಳಗಿಳಿಯುತ್ತದೆ. ಎರಡನೆಯ ಲಾಭ ನಮ್ಮವರಿಗೆ ಇನ್ನೂ ದೊಡ್ಡದು. ಟೈರಿಗೂ ಮುಂದಿನ ಕವಲಿಗೂ ನಡುವೆ ಜಾಗ ಉಳಿಯುತ್ತದೆ. ಎರೆ ದಾರಿಯಲ್ಲಿ ಗಾಲಿಯೇ ತಿರುಗದಂತಾಗಿ ಸೈಕಲ್ಲನ್ನು ಹೆಗಲಿಗೇರಿಸಿ ನಡೆದವರು ನಮ್ಮಲ್ಲಿ ಎಷ್ಟಿಲ್ಲ? ಅಲ್ಲಿ ಸೋತದ್ದು ಟೈರಲ್ಲ, ಜಾಗ. ಗಾಲಿಯ ಎರಡೂ ಬದಿಗೆ ಕಿರುಬೆರಳು ತೂರುವಷ್ಟು ಸಂದು ಇರಲೇಬೇಕು. ಮಡ್‌ಗಾರ್ಡು ಟೈರಿಗೆ ಅಂಟಿದಂತಿದ್ದರೆ ಮಳೆಗಾಲದ ಮಟ್ಟಿಗೆ ಬಿಚ್ಚಿಡುವುದು ಲೇಸು. ಬೆನ್ನಿಗೆ ರಾಡಿ ಸಿಡಿಯುತ್ತದೆ, ತಾಯಂದಿರು ಬಯ್ಯುತ್ತಾರೆ, ನಿಜ. ಆದರೆ ಇಳಿಜಾರಿನ ನಡುವೆ ಮುಂದಿನ ಗಾಲಿ ಇದ್ದಕ್ಕಿದ್ದಂತೆ ಕಚ್ಚಿ ನಿಂತರೆ ಹುಡುಗ ಹ್ಯಾಂಡಲ್ಲಿನ ಮೇಲಿಂದ ಹಾರಿ ಬೀಳುತ್ತಾನೆ.

ಗರಸು, ಕಲ್ಲಿನ ಇಳಿಜಾರಾದರೆ ಲೆಕ್ಕ ತಿರುಗುತ್ತದೆ. ಅಲ್ಲಿ ಎರಡು ಇಂಚಿನ ಆಸುಪಾಸಿನ ದಪ್ಪ, ಮಧ್ಯಮ ಎತ್ತರದ ಹಲ್ಲು, ಮೆತ್ತನೆಯ ರಬ್ಬರು ಇದ್ದರೆ ಒಳ್ಳೆಯದು. ಒದ್ದೆ ಕಲ್ಲಿನ ಮೇಲೆ ಉದ್ದ ಹಲ್ಲು ಬಾಗಿ ನುಲಿಯುತ್ತದೆ, ಹಿಡಿತಕ್ಕೆ ಬರುವುದು ರಬ್ಬರಿನ ಮೃದುತನ. ಇದನ್ನು ಅಳೆಯಲು ‘ಶೋರ್ ಎ’ ಎಂಬ ಮಾಪಕವಿದೆ. ಅಂಕಿ ಕಡಿಮೆಯಿದ್ದಷ್ಟೂ ಮೆತ್ತಗೆ. 40ರ ಹತ್ತಿರವಾದರೆ ಬಹಳ ಮೆತ್ತಗೆ, 60 ದಾಟಿದರೆ ಗಟ್ಟಿ. ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ಟೈರುಗಳ ಮೇಲೆ ಈ ಅಂಕಿ ಸಾಮಾನ್ಯವಾಗಿ ಬರೆದಿರುವುದಿಲ್ಲ. ಎರಡು ಟೈರುಗಳಿಗೆ ಉಗುರು ಒತ್ತಿ ನೋಡಿ, ಯಾವುದು ಹೆಚ್ಚು ತಗ್ಗುತ್ತದೋ ಅದು ಮೆತ್ತನೆಯದು. ಮೆತ್ತನೆಯದು ಬೇಗ ಸವೆಯುತ್ತದೆ ಎಂಬುದೂ ನೆನಪಿರಲಿ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದು ಸಣ್ಣ ಬಿರುಕು ಬಿಟ್ಟ ಟೈರು ಮಾತ್ರ, ಹಲ್ಲು ಎಷ್ಟೇ ಚೆನ್ನಾಗಿದ್ದರೂ ಬೇಡ. ಗಾಳಿ ಬಿಸಿಲಿಗೆ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ.

ನಮ್ಮ ಸೀಮೆಯಲ್ಲಿ ಮೂರನೆಯ ಬಗೆಯ ರಾಡಿಯೊಂದಿದೆ. ಕಬ್ಬಿನ ಹಂಗಾಮಿನಲ್ಲಿ ಹೊಲದಿಂದ ಡಾಂಬರು ರಸ್ತೆಗೆ ಏರುವ ಟ್ರ್ಯಾಕ್ಟರುಗಳು ಗಾಲಿಗಂಟಿದ ಎರೆಯನ್ನು ರಸ್ತೆಯುದ್ದಕ್ಕೂ ಉದುರಿಸುತ್ತವೆ. ಅದರ ಮೇಲೆ ಹಿಂಗಾರಿನ ಒಂದು ಸಣ್ಣ ಮಳೆ ಬಿದ್ದರೆ ಡಾಂಬರಿನ ಮೇಲೆ ತೆಳ್ಳನೆಯ ಜೇಡಿಯ ಲೇಪ. ಅದು ಸಾಬೂನಿನಂತೆ. 2019ರ ಆಗಸ್ಟಿನ ಮಹಾಪೂರ ಇಳಿದ ಮೇಲೆ ಹೊಳೆದಂಡೆಯ ಊರುಗಳ ರಸ್ತೆಗಳಲ್ಲಿ ನಿಂತ ಮೆಕ್ಕಲು ನೋಡಿದವರಿಗೆ ಇದರ ಪರಿಚಯವಿದೆ. ಈ ಲೇಪಕ್ಕೆ ಯಾವ ಟೈರಿನಲ್ಲೂ ಮದ್ದಿಲ್ಲ. ಹಲ್ಲಿಗೆ ಕಚ್ಚಲು ಆಳವಿಲ್ಲ, ರಬ್ಬರಿಗೆ ಮುಟ್ಟಲು ಡಾಂಬರು ಸಿಗುವುದಿಲ್ಲ. ಇಳಿದು ನೂಕಿಕೊಂಡು ಹೋಗುವುದೇ ದಾರಿ. ಬರೀ ಒದ್ದೆ ಡಾಂಬರಿನ ಮೇಲೂ ಹಲ್ಲಿನ ಟೈರು ಸಾದಾ ಟೈರಿಗಿಂತ ಕಡಿಮೆ ಹಿಡಿಯುತ್ತದೆ, ಏಕೆಂದರೆ ನೆಲ ಮುಟ್ಟುವ ರಬ್ಬರೇ ಕಡಿಮೆ. ಆದ್ದರಿಂದ ನಾಲ್ಕು ಕಿಲೋಮೀಟರ್ ಡಾಂಬರು, ಅರ್ಧ ಕಿಲೋಮೀಟರ್ ಹೊಲದ ದಾರಿ ಇರುವ ಮಗುವಿಗೆ ಪೂರ್ತಿ ರಾಡಿ ಟೈರು ಹಾಕಿಸಬೇಡಿ. ನಡುವೆ ಒತ್ತಾದ ಪಟ್ಟಿ, ಎರಡೂ ಅಂಚಿಗೆ ಬಿಡಿ ಹಲ್ಲು ಇರುವ ಟೈರು ಸಿಗುತ್ತದೆ. ಅದು ಸಾಕು.

ಗಾಳಿಯ ವಿಷಯ ದುಡ್ಡು ಖರ್ಚಿಲ್ಲದ್ದು, ಆದರೂ ಎಲ್ಲರೂ ಕಡೆಗಣಿಸುತ್ತಾರೆ. ಟೈರು ಕಲ್ಲಿನಂತೆ ಗಟ್ಟಿಯಾಗುವವರೆಗೆ ಹವಾ ಹೊಡೆಯುವುದು ನಮ್ಮ ರೂಢಿ. ಒಂದು ಲೆಕ್ಕ ಮಾಡೋಣ. ಹುಡುಗನ ತೂಕ 50 ಕಿಲೊ, ಸೈಕಲ್ 16 ಕಿಲೊ, ಒಟ್ಟು 66. ಸಪಾಟು ನೆಲದಲ್ಲಿ ಹಿಂದಿನ ಗಾಲಿಯ ಮೇಲೆ ಸುಮಾರು 40 ಕಿಲೊ ಬೀಳುತ್ತದೆ ಎನ್ನಿ. ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 4 ಕಿಲೊ ಇದ್ದರೆ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 10 ಚದರ ಸೆಂಟಿಮೀಟರ್. ಒತ್ತಡ 2 ಕಿಲೊ ಆದರೆ 20 ಚದರ ಸೆಂಟಿಮೀಟರ್. ಅಂದರೆ ನೆಲ ಕಚ್ಚುವ ಹಲ್ಲುಗಳ ಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟು. ಟೈರಿನ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜಿನ ಲೆಕ್ಕ. ನಿಜ ನೋಡಬೇಕಾದರೆ ಟೈರಿಗೆ ಮಸಿ ಬಳಿದು, ಗ್ರಾಫ್ ಹಾಳೆಯ ಮೇಲೆ ಗಾಲಿ ಇಟ್ಟು, ಸೀಟಿನ ಮೇಲೆ ಗೆಳೆಯನನ್ನು ಕೂರಿಸಿ ಎತ್ತಿ, ಚೌಕಗಳನ್ನು ಎಣಿಸಿ. ಹವಾ ಹೆಚ್ಚು ಕಡಿಮೆ ಮಾಡಿ ಮತ್ತೆ ಎಣಿಸಿ. ವಿಜ್ಞಾನ ಪ್ರದರ್ಶನಕ್ಕೆ ಜ್ವಾಲಾಮುಖಿ ಮಾಡುವುದಕ್ಕಿಂತ ಇದು ವಾಸಿ.

ಹಾಗೆಂದು ಹವಾ ಪೂರ್ತಿ ಇಳಿಸಬೇಡಿ. ಕಲ್ಲಿಗೆ ಬಡಿದಾಗ ಟ್ಯೂಬು ಕಲ್ಲು ಮತ್ತು ರಿಮ್ಮಿನ ನಡುವೆ ಸಿಕ್ಕು, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ. ಟೈರಿನ ಪಕ್ಕೆಯ ಮೇಲೆ ಕನಿಷ್ಠ, ಗರಿಷ್ಠ ಒತ್ತಡ ಬರೆದಿರುತ್ತಾರೆ. ಚದರ ಸೆಂಟಿಮೀಟರಿಗೆ ಒಂದು ಕಿಲೊ ಎಂದರೆ ಪಂಪಿನ ಮೀಟರಿನಲ್ಲಿ ಸುಮಾರು 14 ಪೌಂಡು. 35ರಿಂದ 65 ಎಂದು ಬರೆದಿದ್ದರೆ ರಾಡಿಯ ದಿನ 35ರ ಹತ್ತಿರ ಇರಿಸಿ, ಅದಕ್ಕಿಂತ ಕೆಳಗೆ ಬೇಡ.

ಈಗ ಮೊದಲು ಹೇಳಿದ ಹುಡುಗನ ಬೋಳು ಟೈರಿಗೆ ಬರುತ್ತೇನೆ. ಸಪಾಟು ದಾರಿಯಲ್ಲಿ ಭಾರ ಮುಂದೆ ನೂರಕ್ಕೆ 40, ಹಿಂದೆ 60. ಹತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ದಾರಿಯಲ್ಲಿ ಬರೀ ಇಳಿಜಾರಿನಿಂದಲೇ ನೂರಕ್ಕೆ ಹತ್ತರಷ್ಟು ಭಾರ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಸಾಧಾರಣವಾಗಿ ಬ್ರೇಕು ಒತ್ತಿದರೆ ಇನ್ನೂ ಇಪ್ಪತ್ತು ಸರಿಯುತ್ತದೆ. ಬಸ್ಸು ನಿಂತಾಗ ನಾವೆಲ್ಲ ಮುಂದಕ್ಕೆ ವಾಲುವುದಿಲ್ಲವೇ, ಹಾಗೆ. ಲೆಕ್ಕ ತಲೆಕೆಳಗಾಗಿ ಮುಂದೆ 70, ಹಿಂದೆ 30. ಇಳಿಯುವಾಗ ಸೈಕಲ್ಲನ್ನು ನಿಲ್ಲಿಸುವ, ತಿರುಗಿಸುವ ಕೆಲಸ ಬಹುಪಾಲು ಮುಂದಿನ ಟೈರಿನದು. ಹಿಂದಿನ ಗಾಲಿ ಜಾರಿದರೆ ಸೈಕಲ್ ಬಾಲ ಬೀಸುತ್ತದೆ, ಕಾಲು ಕೊಟ್ಟು ಸಂಭಾಳಿಸಬಹುದು. ಮುಂದಿನದು ಜಾರಿದರೆ ಕಾಲು ಕೊಡಲು ಸಮಯವೇ ಸಿಗುವುದಿಲ್ಲ.

ಹಿಂದಿನ ಟೈರು ಬೇಗ ಸವೆಯುತ್ತದೆ ಎಂಬುದು ಸುಳ್ಳಲ್ಲ. ತುಳಿತದ ಬಲವೆಲ್ಲ ಅದರ ಮೂಲಕವೇ ನೆಲಕ್ಕೆ ಹೋಗುತ್ತದೆ. ಸವೆದರೆ ಸವೆಯಲಿ, ಮುಂದಿದ್ದದ್ದನ್ನು ಹಿಂದಕ್ಕೆ ಹಾಕಿ. ಹೊಸದು ಯಾವಾಗಲೂ ಮುಂದಕ್ಕೆ. ಎರಡು ಬಗೆ ತರುವವರು ಮೆತ್ತನೆಯದನ್ನು, ಅಂಚಿನ ಹಲ್ಲು ಚೆನ್ನಾಗಿರುವುದನ್ನು ಮುಂದಕ್ಕೆ, ಗಡುಸಾದದ್ದನ್ನು ಹಿಂದಕ್ಕೆ ಹಾಕಿಸಿ. ಪಕ್ಕೆಯ ಮೇಲೆ ಬಾಣದ ಗುರುತಿದ್ದರೆ ಗಾಲಿ ಆ ದಿಕ್ಕಿಗೇ ತಿರುಗಬೇಕು. ಅಂಗಡಿಯಲ್ಲಿ ಉಲ್ಟಾ ಹಾಕಿಕೊಟ್ಟದ್ದನ್ನು ನಾನು ಕಂಡಿದ್ದೇನೆ. ಅಲ್ಲಿಯೇ ನಿಂತು ನೋಡಿ.

ಟೈರು ತರಲು ಹೋಗುವ ಪಾಲಕರು ಒಂದು ಅಂಕಿಯನ್ನು ಕೈಮೇಲೆ ಬರೆದುಕೊಂಡಾದರೂ ಹೋಗಬೇಕು. “26ರದು ಕೊಡ್ರಿ” ಎಂದರೆ ಸಾಲದು. 26 ಎಂದು ಬರೆದ ಎರಡು ಟೈರುಗಳು ಒಂದೇ ರಿಮ್ಮಿಗೆ ಕೂರದಿರಬಹುದು. ಹಳೆಯ ಟೈರಿನ ಪಕ್ಕೆಯಲ್ಲಿ 50-559 ಎಂಬಂಥ ಇನ್ನೊಂದು ಗುರುತು ಇರುತ್ತದೆ. ಮೊದಲಿನದು ಟೈರಿನ ದಪ್ಪ, ಎರಡನೆಯದು ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಗುಡ್ಡದ ಸೈಕಲ್ಲಿನ 26 ಎಂದರೆ 559. ಒಂದೂ ಮೂರೆಂಟಾಂಶ ಇಂಚಿನ ತೆಳು ಟೈರಿನ 26 ಎಂದರೆ 590. ನಮ್ಮ ಅಪ್ಪಂದಿರ ಕಾಲದ ಎತ್ತರದ 28ರ ಸೈಕಲ್ಲು 635. ಈ ಎರಡನೆಯ ಅಂಕಿ ಕೂಡಿದರೆ ಮಾತ್ರ ಟೈರು ಕೂರುತ್ತದೆ. 2006-07ರಲ್ಲಿ ಆರಂಭವಾದ ಸರಕಾರದ ಯೋಜನೆಯಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬಂದ ಸೈಕಲ್‌ಗಳು ಇನ್ನೂ ಎಷ್ಟೋ ಮನೆಗಳಲ್ಲಿ ತಮ್ಮ, ತಂಗಿಯರ ಕೈಯಲ್ಲಿ ಓಡುತ್ತಿವೆ. ಅವುಗಳಿಗೆ ದಪ್ಪ ಗುಡ್ಡದ ಟೈರು ಹಾಕಿಸುವ ಸಾಹಸ ಬೇಡ. ರಿಮ್ಮೂ ಹೊಂದುವುದಿಲ್ಲ, ಕವಲಿನಲ್ಲಿ ಜಾಗವೂ ಸಾಲದು. ಅದೇ ಅಳತೆಯಲ್ಲಿ ಅಚ್ಚು ಆಳವಾಗಿರುವ ಟೈರು ಕೇಳಿ.

ಬ್ರೇಕಿನ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಸದ್ಯಕ್ಕೆ ಇಷ್ಟು: ಹೊಳೆಯುವ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕು ಬಹಳ ಕಡಿಮೆ ಹಿಡಿಯುತ್ತದೆ. ಇಳಿಜಾರು ಶುರುವಾಗುವ ಮೊದಲೇ ನಾಲ್ಕಾರು ಸಲ ಮೆಲ್ಲಗೆ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳಬೇಕು.

ಆ ಹುಡುಗನ ತಂದೆ ಮರುದಿನ ಶಾಲೆಗೆ ಬಂದಿದ್ದರು. “ಮತ್ತೊಂದು ಹೊಸಾದು ತರೂದು ಈಗ ಆಗೂದಿಲ್ರೀ ಸರ್, ಬಿತ್ತನಿ ಖರ್ಚ ಐತಿ” ಎಂದರು. ತರುವುದೇ ಬೇಡ ಎಂದೆ. ಇಬ್ಬರೂ ಸೇರಿ ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಗಾಲಿ ಬಿಚ್ಚಿದೆವು. ಎರಡೂ ರಿಮ್ಮು ಒಂದೇ ಅಳತೆಯವು. ಹಿಂದಿನ ಹೊಸ ಟೈರು ಮುಂದಕ್ಕೆ ಹೋಯಿತು, ಬೋಳು ಟೈರು ಹಿಂದಕ್ಕೆ. ಅರ್ಧ ತಾಸಿನ ಕೆಲಸ. ಮುಂದಿನ ಮಡ್‌ಗಾರ್ಡು ಬಿಚ್ಚಿ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋದರು.